ಪ್ಯಾಟ್ರಿಕ್ ಮ್ಯಾನ್ಸನ್

ಆನೆಕಾಲು ರೋಗವು ನಮ್ಮ ಕರಾವಳಿಯ ಜನರಿಗೆ ಅಪರಿಚಿತವಾದುದೇನೂ ಅಲ್ಲ. ಕಾಲು ಬಾತು, ಚರ್ಮವು ಒರಟಾಗಿ, ರೋಗಿಯು ನಡೆಯಲಾರದೆ ತೊಳಲುತ್ತಾನೆ. ನೂಲಿನೆಳೆಯಂತಹ ಹುಳುವೊಂದು ಇದಕ್ಕೆ ಕಾರಣ. ಆ ಹುಳುವಿನ ಸಂಚಾರಮಾರ್ಗವನ್ನು ಮೊದಲು ಅರಸಿದವನು ಪ್ಯಾಟ್ರಿಕ್ ಮ್ಯಾನ್ಸನ್.

ಮ್ಯಾನ್ಸನ್ನನು 1844ರಲ್ಲಿ ಸ್ಕಾಟ್ಲೆಂಡಿನ ಓಲ್ಡ್‌ಮೆಲ್ಡ್ರಮ್ ಎಂಬ ಊರಿನಲ್ಲಿ ಜನಿಸಿದನು. ಅಬರ್ಡೀನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, 1866ರಲ್ಲಿ ಚೀನಾದ ಸುಂಕದ ಇಲಾಖೆಯ ವೈದ್ಯನಾಗಿ ಫಾರ್ಮೋಸಾ ದ್ವೀಪಕ್ಕೆ ತೆರಳಿದನು. 1871ರಲ್ಲಿ ಅಮಾಯ್ ಬಂದರಿಗೆ ಬಂದನು. ಅಲ್ಲಿ ಆನೆಕಾಲಿನ ರೋಗಿಗಳು ಬಹಳ. ಬೆಳೆದ ಗಡ್ಡೆಗಳನ್ನು ಶಸ್ತ್ರದಿಂದ ಕತ್ತರಿಸಿ ತೆಗೆಯುತ್ತಿದ್ದನು. ಆದರೆ ರೋಗದ ಮೂಲವು ತಿಳಿಯದೆ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ.

1872ರಲ್ಲಿ ಕಲ್ಕತ್ತೆಯಲ್ಲಿದ್ದ ಲೂಯಿಸ್ ಎಂಬ ವೈದ್ಯನು ಮನುಷ್ಯರ ರಕ್ತದಲ್ಲಿ ಹುಳುವಿನ ಮರಿಗಳನ್ನು ಕಂಡಿದ್ದನು. ರಜೆಯಲ್ಲಿ ಲಂಡನ್ನಿಗೆ ಹೋಗಿದ್ದ ಮ್ಯಾನ್ಸನ್ನನಿಗೆ ಇದು ತಿಳಿಯಿತು. ಈ ಮರಿಗಳೆಲ್ಲ ಒಬ್ಬನ ದೇಹದಲ್ಲಿಯೇ ಬೆಳೆದರೆ ಅವನು ಬದುಕಲಾರನು. ಆದುದರಿಂದ ಅವು ಹೊರಬರಲೇಬೇಕು. ತಾವಾಗಿ ಬರಲಾರದವನ್ನು ರಕ್ತ ಹೀರುವ ಪ್ರಾಣಿಯೊಂದು ಹೊರಕ್ಕೆ ತರುತ್ತಿರಬೇಕು. ಅವನ ಸಂದೇಹವು ಸೊಳ್ಳೆಯ ಮೇಲೆ ನೆಲೆಗೊಂಡಿತು.

1877ರಲ್ಲಿ ಅವನು ರಕ್ತದಲ್ಲಿ ಮರಿಗಳಿದ್ದ ತನ್ನ ತೋಟಗಾರನನ್ನು ಸೊಳ್ಳೆಗಳು ಒಳಬರುವಂತೆ ಏರ್ಪಡಿಸಿದ ಕೋಣೆಯಲ್ಲಿ ಮಲಗಿಸಿದನು. ಬಡ ಸೇವಕನೊಬ್ಬನು ಸೊಳ್ಳೆಗಳಿಗೆ ಮೈಯೊಡ್ಡಿದುದನ್ನು ನಾವು ಮರೆಯಬಾರದು. ರಕ್ತ ಹೀರಿ ಉಬ್ಬಿದ ಸೊಳ್ಳೆಗಳನ್ನು ಬೆಳಗ್ಗೆ ಹಿಡಿದು, ದಿನದಿನವೂ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮರಿಗಳು ತಮ್ಮ ಹೊರಪೊರೆಯನ್ನು ಕಳಚಿ, ಸೊಳ್ಳೆಯ ಎದೆಯ ಸ್ನಾಯುಗಳಿಗೆ ನುಗ್ಗಿ, ಅಲ್ಲಿ ಬೆಳೆಯುತ್ತಿದ್ದುವು! ಮನುಷ್ಯನ ರೋಗಕಾರಕವೊಂದು ಕೀಟದ ದೇಹದಲ್ಲಿ ಬೆಳೆಯುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮರಿಗಳು ಹಗಲಿನಲ್ಲಿ ಅಡಗಿ, ಸೊಳ್ಳೆ ಕಚ್ಚುವ ರಾತ್ರಿಯ ವೇಳೆಗೆ ಚರ್ಮದ ಬಳಿಯ ರಕ್ತಕ್ಕೆ ಬರುವುದನ್ನೂ ಅವನೇ ತೋರಿಸಿದನು. ನಾಯಿ, ಕಾಗೆ ಮೊದಲಾದ ಪ್ರಾಣಿಪಕ್ಷಿಗಳ ದೇಹದಲ್ಲಿಯೂ ಇಂತಹ ಹುಳುಗಳನ್ನು ಹುಡುಕಿದನು.

ಆದರೆ ಒಂದೆಡೆ ಅವನು ತಪ್ಪಿದನು. ಸೊಳ್ಳೆಯು ನೀರಿನಲ್ಲಿ ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುವುದೆಂದೂ, ಆ ನೀರನ್ನು ಕುಡಿದವರಿಗೆ ಹುಳು ಅಂಟುವುದೆಂದೂ ಬಗೆದನು.

1889ರಲ್ಲಿ ಅವನು ಚೀನಾದಿಂದ ಸ್ವದೇಶಕ್ಕೆ ಮರಳಿದನು. ಸೊಳ್ಳೆಗೂ ಮಲೇರಿಯಕ್ಕೂ ಸಂಬಂಧವಿರಬೇಕೆಂದು ರೊನಾಲ್ಡ್ ರಾಸ್‌ನಿಗೆ ಸೂಚಿಸಿ, ಪತ್ರಗಳ ಮೂಲಕ ಉತ್ತೇಜಿಸುತ್ತಿದ್ದನು. ಬೆಂಗಳೂರಿನಲ್ಲಿಯೂ ಕೆಲಸಮಾಡಿದ್ದ ರಾಸ್‌ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡನು. 1899ರಲ್ಲಿ ಮ್ಯಾನ್ಸನ್ನನ ಪ್ರಯತ್ನದಿಂದ ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳ ವೈದ್ಯಶಾಲೆಯು ಸ್ಥಾಪನೆಯಾಯಿತು.

ಮರುವರ್ಷವೇ ಅವನ ಶಿಷ್ಯನಾದ ಲೋ ಎಂಬವನು ಆಸ್ಟ್ರೇಲಿಯದಿಂದ ಬಂದ ಸೊಳ್ಳೆಗಳನ್ನು ತೆಳುವಾಗಿ ಸೀಳಿ ಪರೀಕ್ಷಿಸಿದನು. ಹುಳುಗಳು ಅವುಗಳ ಸೊಂಡಿಲಿನಲ್ಲಿಯೇ ಇದ್ದುವು. ನೀರಿನಿಂದಲ್ಲ, ಕಚ್ಚುವಿಕೆಯಿಂದಲೇ ರೋಗವು ಹರಡುವುದೆಂದು ಇದರಿಂದ ತಿಳಿದುಬಂದಿತು. ಗುರುವಿನ ತಪ್ಪನ್ನು ಶಿಷ್ಯನೇ ತಿದ್ದಿದಂತಾಯಿತು. ಮ್ಯಾನ್ಸನ್ನನು 1922ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.