ಗಿಟಾರ್ ನುಡಿಸಲು ಬಾರದ ಗಿಟಾರ್ ತಯಾರಕ: ಲಿಯೋ ಫೆಂಡರ್

ಜಗತ್ಪ್ರಸಿದ್ಧ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ರೂಪಿಸಿದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ಓದಿದ್ದು ಎಂಜಿನಿಯರಿಂಗ್ ಅಲ್ಲ, ಲೆಕ್ಕಶಾಸ್ತ್ರ. ಎಂಟನೆಯ ವಯಸ್ಸಿನಲ್ಲೇ ಗೆಡ್ಡೆಯ ಕಾಯಿಲೆಯಿಂದ ಎಡಗಣ್ಣನ್ನು ಕಳೆದುಕೊಂಡಿದ್ದರು. ಆದರೂ ಅವರು ಸಾಧಿಸಿದ್ದು ಹೇಗೆ ಎಂಬುದನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

1909ರ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕಿತ್ತಳೆ ಬೆಳೆಯುವ ರೈತ ಕುಟುಂಬದಲ್ಲಿ ಫೆಂಡರ್ ಜನಿಸಿದರು. ಬಂಧುವೊಬ್ಬರು ಹಳೆಯ ಬಿಡಿಭಾಗಗಳಿಂದ ತಯಾರಿಸಿದ್ದ ರೇಡಿಯೊ ಬಾಲಕನನ್ನು ಬೆರಗುಗೊಳಿಸಿತು. ಅಂದಿನಿಂದ ರೇಡಿಯೊ ರಿಪೇರಿಯನ್ನು ಸ್ವತಃ ಕಲಿತರು. ಮುಂದೆ ಲೆಕ್ಕಿಗರಾಗಿ ಕೆಲಸಕ್ಕೆ ಸೇರಿದರೂ ಆರ್ಥಿಕ ಕುಸಿತದ ಆ ದಿನಗಳಲ್ಲಿ ನೌಕರಿ ಉಳಿಯಲಿಲ್ಲ. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು.

ಅಂಗಡಿಗೆ ಸಂಗೀತಗಾರರೂ ಬರುತ್ತಿದ್ದರು. ಟೊಳ್ಳು ಒಡಲಿನ ಗಿಟಾರ್‌ನ ಧ್ವನಿಯನ್ನು ಆಂಪ್ಲಿಫೈಯರ್‌ನಲ್ಲಿ ಹೆಚ್ಚಿಸಿದರೆ ಅದು ಊಳಿಡುತ್ತಿತ್ತು. ಗಟ್ಟಿ ಮರದ ಒಡಲಿದ್ದರೆ ಈ ತೊಂದರೆ ಕಡಿಮೆ. 1943ರಲ್ಲಿ ಗೆಳೆಯ ಡಾಕ್ ಕಾಫ್‌ಮನ್ ಅವರೊಂದಿಗೆ, ತಮ್ಮದೇ ಪಿಕಪ್ ಪರೀಕ್ಷಿಸಲು ಗಟ್ಟಿ ಮರದ ಗಿಟಾರೊಂದನ್ನು ಮಾಡಿದರು. ಅದನ್ನು ಸ್ಥಳೀಯ ವಾದಕರು ಬಾಡಿಗೆಗೆ ಒಯ್ಯತೊಡಗಿದರು.

ಪಿಕಪ್ ಎಂದರೇನು? ಇದು 1930ರ ದಶಕದಲ್ಲೇ ಬಳಕೆಗೆ ಬಂದಿದ್ದ ಸಾಧನ. ಫೆಂಡರ್ ಅವರ ಹೆಸರಾಂತ ಮಾದರಿಯಲ್ಲಿ ಆರು ತಂತಿಗಳ ಕೆಳಗೆ ಆರು ಪುಟ್ಟ ಅಯಸ್ಕಾಂತಗಳಿರುತ್ತವೆ. ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸುಮಾರು ಎಂಟು ಸಾವಿರ ಸುತ್ತು ಸುತ್ತುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ, ನಾವು ಶಾಲೆಯಲ್ಲಿ ಕಲಿಸುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು! ಫೆಂಡರ್ ಕಾರ್ಖಾನೆಯಲ್ಲಿ ಮಹಿಳಾ ಕಾರ್ಮಿಕರು ತಿರುಗುವ ಯಂತ್ರಕ್ಕೆ ಬೆರಳಿನಿಂದಲೇ ತಂತಿಯನ್ನು ಹದವಾಗಿ ಬಿಡುತ್ತಿದ್ದರು. ಬಿಗಿ ಹೆಚ್ಚಾದರೆ ತಂತಿ ತುಂಡಾಗುತ್ತಿತ್ತು. ಹೀಗಾಗಿ ಒಂದೊಂದು ಪಿಕಪ್‌ನ ನಾದವೂ ತುಸು ಭಿನ್ನ.

1950ರಲ್ಲಿ ಹೊರಬಂದ ಅವರ ಗಿಟಾರ್ 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಪಡೆಯಿತು. ಅದರ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಒಡಲಿಗೆ ಜೋಡಿಸಲಾಗಿತ್ತು. ಕೆಟ್ಟರೆ ಬಿಚ್ಚಿ ಬದಲಿಸಬಹುದು. ಇದು ರಿಪೇರಿ ಬಲ್ಲವರ ಆಲೋಚನೆ. ಮರದ ಅಂಚು ಪಕ್ಕೆಗೆ ಒತ್ತುತ್ತದೆ ಎಂದು ವಾದಕರು ದೂರಿದಾಗ, 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಅಂಚುಗಳನ್ನು ಕೆತ್ತಿ ನಯಗೊಳಿಸಿದರು. ತಮಗೆ ನುಡಿಸಲು ಬಾರದ ಕೊರತೆಯನ್ನು ನುಡಿಸುವವರ ಮಾತಿಗೆ ಕಿವಿಗೊಟ್ಟು ತುಂಬಿಕೊಂಡರು.

ಅನಾರೋಗ್ಯದ ಕಾರಣ 1965ರಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು. ಗುಣಮುಖರಾದ ಮೇಲೆ ಸುಮ್ಮನೆ ಕೂರಲಿಲ್ಲ. ಮತ್ತೆ ಗಿಟಾರ್ ತಯಾರಿಕೆಗೆ ಮರಳಿದರು. ಪಾರ್ಕಿನ್ಸನ್ ಕಾಯಿಲೆ ಕಾಡಿದರೂ ಕೆಲಸ ಬಿಡದೆ, 1991ರ ಮಾರ್ಚ್ 21ರಂದು ನಿಧನರಾದರು.

ಪಾಠದಲ್ಲಿ ಹಿಂದುಳಿದರೂ ಕೆಟ್ಟ ರೇಡಿಯೊ ಬಿಚ್ಚಿ ಜೋಡಿಸುವ ಹುಡುಗರು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರನ್ನು ದಡ್ಡರೆನ್ನುವ ಮುನ್ನ ನಾವು ಶಿಕ್ಷಕರು ಫೆಂಡರ್ ಅವರ ಅಂಗಡಿಯನ್ನು ಒಮ್ಮೆ ನೆನೆಯೋಣ.