ತೊರಪಳ್ಳಿಯಲ್ಲಿ ಉಳಿದಿದೆ ರಾಜಾಜಿ ಹುಟ್ಟಿದ ಮನೆ

ಹೊಸೂರು: ಗವರ್ನರ್ ಜನರಲ್ ಹುದ್ದೆಗೇರಿದ ಏಕೈಕ ಭಾರತೀಯ ಸಿ. ರಾಜಗೋಪಾಲಾಚಾರಿ ಹುಟ್ಟಿದ್ದು ನಮ್ಮ ಹೊಸೂರು ಬಳಿಯ ತೊರಪಳ್ಳಿಯಲ್ಲಿ, 1878ರ ಡಿಸೆಂಬರ್ 10ರಂದು. ತಂದೆ ಊರಿನ ಮುನ್ಸೀಫರು. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗ ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು.

ಸೇಲಂನಲ್ಲಿ ವಕೀಲಿಕೆ ಮಾಡಿದರು. ಗಾಂಧೀಜಿ ಹಿಂದೆ ಹೋಗಿ ಅದನ್ನೂ ಬಿಟ್ಟರು. 1930ರಲ್ಲಿ ವೇದಾರಣ್ಯಂ ಉಪ್ಪಿನ ಸತ್ಯಾಗ್ರಹ ನಡೆಸಿ ಜೈಲು ಕಂಡರು. 1948ರಲ್ಲಿ ಗವರ್ನರ್ ಜನರಲ್ ಆದರು, 1954ರಲ್ಲಿ ಭಾರತ ರತ್ನ ಬಂತು. 1972ರ ಡಿಸೆಂಬರ್ 25ರಂದು ತೀರಿಕೊಂಡರು.

ಹಳ್ಳಿಗಳಲ್ಲಿ ಹಳೇ ಮನೆಗಳು ನೋಡನೋಡುತ್ತಲೇ ಬಿದ್ದುಹೋಗುತ್ತವೆ. ಈ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕ ಮಾಡಿ ಉಳಿಸಿಕೊಂಡಿದೆ. ಓದೋಕೆ ಅಂತ ದಿನಾ ಬೆಂಗಳೂರಿಗೆ ಬಸ್ ಹತ್ತುವ ಗಡಿ ಮಕ್ಕಳಿಗೆ ಒಮ್ಮೆಯಾದರೂ ತೋರಿಸಬೇಕಾದ ಮನೆಯಿದು.