ಎದುರಾಳಿಯ ರಥದ ಚಕ್ರ ಹೂತಾಗ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತಯಾರಿಗೆಂದು ಗುಂಪು ಚರ್ಚೆಯ ಅಭ್ಯಾಸ ಇತ್ತು. ನನ್ನ ಎದುರು ಕುಳಿತಿದ್ದ ಗೆಳೆಯ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ವಿಷಯ ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಒಳ್ಳೆಯದೊಂದು ಅಂಶ ಹೇಳಲು ಶುರು ಮಾಡಿ, ಇಂಗ್ಲಿಷ್ ಪದ ಸಿಗದೆ ಎರಡು ಕ್ಷಣ ತಡವರಿಸಿದ. ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ಅವನು ಹೇಳಹೊರಟಿದ್ದನ್ನೇ ನನ್ನದೆಂಬಂತೆ ಹೇಳಿ ಮುಗಿಸಿದೆ. ಅಂಕ ನನಗೆ ಬಂತು. ಸಿಕ್ಕ ಅವಕಾಶ ಬಿಡಬಾರದು ಎನ್ನುವುದು ಅಲ್ಲಿ ಕಲಿಸುವ ಮೊದಲ ಪಾಠ. ಆದರೆ ಆ ರಾತ್ರಿ ಮೆಸ್‌ನಲ್ಲಿ ಅವನ ಎದುರು ಕುಳಿತು ಊಟ ಮಾಡಲು ನನಗೆ ಮುಜುಗರವಾಯಿತು.

ರಥದ ಚಕ್ರ ನೆಲದಲ್ಲಿ ಹೂತಿದ್ದಾಗ ಕರ್ಣನ ಮೇಲೆ ಬಾಣ ಬಿಟ್ಟದ್ದು ಸರಿಯೇ ಎಂದು ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ನಾವೆಲ್ಲ ಗಂಟಲು ಹರಿಯುವಂತೆ ವಾದಿಸಿದ್ದೇವೆ. ಯುದ್ಧಕ್ಕೂ ಒಂದು ಧರ್ಮವಿದೆ, ಬಿದ್ದವನ ಮೇಲೆ ಕೈ ಮಾಡಬಾರದು ಎಂಬ ಮಾತು ನಮ್ಮಲ್ಲಿ ಹಳೆಯದು. ಯುರೋಪಿನ ಕುದುರೆ ಸವಾರ ಯೋಧರಿಗೂ ಶಿವಲ್ರಿ ಎಂಬ ಹೆಸರಿನಲ್ಲಿ ಇಂಥದೇ ಒಂದು ನೀತಿ ಇತ್ತು. ರಥ, ಕುದುರೆ ಎರಡೂ ಹೋದ ಮೇಲೆ, ಕೋರ್ಟು, ರೈಲು, ಕಾರ್ಖಾನೆಗಳ ಕಾಲದಲ್ಲಿ ಅಂಥ ನಿಯಮ ಇಟ್ಟುಕೊಂಡು ಬದುಕಲು ಆಗುತ್ತದೆಯೇ? ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಗಾಂಧೀಜಿಯ ದಕ್ಷಿಣ ಆಫ್ರಿಕಾದ ವರ್ಷಗಳನ್ನು ಓದಿದೆ. ನೋಟಿನ ಮೇಲೆ ನಗುವ ಅಜ್ಜ ಅಲ್ಲಿ ಸಿಗಲಿಲ್ಲ. ಕೆಲಸ ಹುಡುಕಿಕೊಂಡು ಊರು ಬಿಟ್ಟ ಒಬ್ಬ ಹುಡುಗ ಸಿಕ್ಕಿದ.

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ 1891ರಲ್ಲಿ ಹಿಂತಿರುಗಿದ ಗಾಂಧಿ ಬಾಂಬೆಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಅವರ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ತಲೆ ತಿರುಗಿದಂತಾಗಿ ಕುಳಿತುಬಿಟ್ಟರು. ಪಡೆದಿದ್ದ 30 ರೂಪಾಯಿ ಶುಲ್ಕ ಹಿಂತಿರುಗಿಸಿದರು. ನನ್ನ ಗೆಳೆಯ ತಡವರಿಸಿದ್ದು ಎರಡೇ ಕ್ಷಣ. ಇವರಿಗೆ ಮಾತೇ ನಿಂತುಹೋಗಿತ್ತು. ಊರಲ್ಲಿ ವಕೀಲಿಕೆ ಕೈ ಹಿಡಿಯಲಿಲ್ಲ. ಕೊನೆಗೆ ದಕ್ಷಿಣ ಆಫ್ರಿಕಾದ ವ್ಯಾಪಾರಿ ದಾದಾ ಅಬ್ದುಲ್ಲಾ ಅವರ ಮೊಕದ್ದಮೆಗೆ ಸಹಾಯಕರಾಗಿ ಒಂದು ವರ್ಷದ ಒಪ್ಪಂದದ ಮೇಲೆ 1893ರ ಮೇ ತಿಂಗಳಲ್ಲಿ ಡರ್ಬನ್‌ನಲ್ಲಿ ಇಳಿದರು. ಆಗ ಅವರಿಗೆ 23 ವರ್ಷ.

ಆ ಮೊಕದ್ದಮೆ ದಾದಾ ಅಬ್ದುಲ್ಲಾ ಮತ್ತು ಅವರ ಸಂಬಂಧಿ ತಯ್ಯಬ್ ಸೇಠ್ ನಡುವಿನದು. ಕೋರ್ಟಿನಲ್ಲಿ ಎಳೆದಾಡಿದರೆ ಇಬ್ಬರೂ ಹಾಳಾಗುತ್ತಾರೆಂದು ಕಂಡ ಗಾಂಧಿ ಪಂಚಾಯ್ತಿಗೆ ಒಪ್ಪಿಸಿದರು. ತೀರ್ಪು ದಾದಾ ಅಬ್ದುಲ್ಲಾ ಕಡೆಗೆ ಬಂತು. ಸೋತವರು ಸುಮಾರು 37,000 ಪೌಂಡ್ ಮತ್ತು ಖರ್ಚು ಕೊಡಬೇಕಿತ್ತು. ಒಂದೇ ಸಲಕ್ಕೆ ಕೊಟ್ಟರೆ ದಿವಾಳಿ. ಆ ವ್ಯಾಪಾರಿಗಳ ನಡುವೆ ದಿವಾಳಿಯಾಗುವುದು ಸಾವಿಗಿಂತ ಕಡೆ. ಬೇರೆ ವಕೀಲರಾಗಿದ್ದರೆ ಗೆದ್ದೆವೆಂದು ಪೆಟ್ಟಿಗೆ ಕಟ್ಟುತ್ತಿದ್ದರೇನೋ. ಗಾಂಧಿ ತಮ್ಮ ಕಕ್ಷಿದಾರರ ಬಳಿ ಹೋಗಿ, ಸೋತವರಿಗೆ ಕಂತುಗಳಲ್ಲಿ ಕಟ್ಟಲು ಬಿಡಿ ಎಂದು ಪಟ್ಟು ಹಿಡಿದರು. ಪಂಚಾಯ್ತಿಗೆ ಒಪ್ಪಿಸಿದ್ದಕ್ಕಿಂತ ಇದಕ್ಕೆ ಒಪ್ಪಿಸುವುದೇ ಅವರಿಗೆ ಕಷ್ಟವಾಯಿತು. ಕೊನೆಗೂ ಒಪ್ಪಿಸಿದರು. ಗೆದ್ದವನು ಸೋತವನನ್ನು ಮುಳುಗಿಸಬಾರದು ಎಂಬ ನಿಯಮವನ್ನು ಅವರು ಎಲ್ಲೂ ಬರೆದು ಅಂಟಿಸಿಕೊಂಡಿರಲಿಲ್ಲ. ಹಾಗೆ ನಡೆದುಕೊಂಡರು, ಅಷ್ಟೆ.

ಮಾರನೇ ವರ್ಷ, 1894ರಲ್ಲಿ, ಬಾಲಸುಂದರಂ ಎಂಬ ತಮಿಳು ಜೀತಗಾರ ಅವರ ಕಚೇರಿಗೆ ಬಂದ. ಯಜಮಾನನ ಹೊಡೆತಕ್ಕೆ ಎರಡು ಹಲ್ಲು ಮುರಿದು ಬಾಯಿಂದ ರಕ್ತ ಸುರಿಯುತ್ತಿತ್ತು. ರುಮಾಲು ಕೈಯಲ್ಲಿತ್ತು, ಬಿಳಿಯರ ಎದುರು ಹಾಗೇ ನಿಲ್ಲಬೇಕಿತ್ತು, ಅದೇ ಅಭ್ಯಾಸ. ಗಾಂಧಿ ಮೊದಲು ಅವನಿಗೆ ರುಮಾಲು ಸುತ್ತಿಕೊಳ್ಳಲು ಹೇಳಿದರು. ಆಮೇಲೆ ಚಿಕಿತ್ಸೆ ಕೊಡಿಸಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಬೇರೆ ಯಜಮಾನನ ಬಳಿ ಕೆಲಸ ಸಿಗುವಂತೆ ಮಾಡಿದರು. ಹೊಡೆದವನನ್ನು ಜೈಲಿಗೆ ಕಳಿಸಬೇಕೆಂಬ ಹಟ ಅವರಿಗಿರಲಿಲ್ಲ.

ತಮಗೇ ಏಟು ಬಿದ್ದಾಗ ಈ ಗುಣ ಉಳಿಯಿತೇ ಎಂಬುದು ನಿಜವಾದ ಪರೀಕ್ಷೆ. 1897ರ ಜನವರಿ 13ರಂದು ಭಾರತದಿಂದ ಮರಳಿ ಡರ್ಬನ್ ಬಂದರಿನಲ್ಲಿ ಇಳಿದಾಗ ಬಿಳಿಯರ ಗುಂಪು ಅವರನ್ನು ಸುತ್ತುವರಿಯಿತು. ಕಲ್ಲು, ಇಟ್ಟಿಗೆ ಚೂರು, ಕೊಳೆತ ಮೊಟ್ಟೆ, ಒದೆ. ಅವರು ಅಂದು ಸಾಯಬಹುದಿತ್ತು. ಆ ದಾರಿಯಲ್ಲಿ ಬಂದ ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ತಮ್ಮ ಕೊಡೆ ಬಿಚ್ಚಿ ಗುಂಪಿಗೂ ಗಾಂಧಿಗೂ ನಡುವೆ ನಿಂತರು. ವೀರಧರ್ಮ ಎಂದರೆ ಗಂಡಸು ಹೆಣ್ಣನ್ನು ಕಾಪಾಡುವುದು ಎಂದುಕೊಂಡಿದ್ದ ನನಗೆ ಆ ಕೊಡೆ ಮರೆಯಲಾಗುತ್ತಿಲ್ಲ. ನಂತರ ಬ್ರಿಟನ್ನಿನ ವಸಾಹತು ಮಂತ್ರಿ ಚೇಂಬರ್ಲೇನ್ ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸಲು ತಂತಿ ಕಳಿಸಿದರು. ಗಾಂಧಿ ದೂರು ಕೊಡಲು ಒಪ್ಪಲಿಲ್ಲ. ಸುಳ್ಳು ಸುದ್ದಿ ನಂಬಿ ಕೆರಳಿದ ಜನರನ್ನು ಶಿಕ್ಷಿಸಿ ಪ್ರಯೋಜನವಿಲ್ಲ, ನಿಜ ತಿಳಿದಾಗ ಅವರೇ ನಾಚುತ್ತಾರೆ ಎಂಬುದು ಅವರ ನಿಲುವು.

1908ರ ಫೆಬ್ರವರಿ 10ರಂದು ಏಟು ಬಿದ್ದದ್ದು ನಮ್ಮವರಿಂದಲೇ. ನೋಂದಣಿ ಕಾನೂನಿನ ವಿಚಾರದಲ್ಲಿ ಗಾಂಧಿ ಜನರಲ್ ಸ್ಮಟ್ಸ್ ಜೊತೆ ರಾಜಿ ಮಾಡಿಕೊಂಡದ್ದು ಮೀರ್ ಆಲಂ ಎಂಬ ಪಠಾಣನಿಗೆ ದ್ರೋಹವಾಗಿ ಕಂಡಿತು. ಜೋಹಾನ್ಸ್‌ಬರ್ಗ್‌ನ ಬೀದಿಯಲ್ಲಿ ಅವನೂ ಅವನ ಜೊತೆಗಾರರೂ ಗಾಂಧಿಯನ್ನು ಪ್ರಜ್ಞೆ ತಪ್ಪುವಂತೆ ಹೊಡೆದರು. ಎಚ್ಚರವಾದ ಗಾಂಧಿ, ಹೊಡೆದವರ ಮೇಲೆ ಮೊಕದ್ದಮೆ ಬೇಡವೆಂದು ಸರ್ಕಾರಕ್ಕೆ ತಿಳಿಸಿದರು. ಸರ್ಕಾರ ಕೇಳದೆ ಶಿಕ್ಷೆ ಕೊಡಿಸಿತು, ಆ ಮಾತು ಬೇರೆ. ಅದೇ ವರ್ಷ ಆಗಸ್ಟಿನಲ್ಲಿ ನೋಂದಣಿ ಪತ್ರಗಳನ್ನು ಸುಡುವ ಸಭೆ ನಡೆದಾಗ ಮೀರ್ ಆಲಂ ಎದ್ದು ನಿಂತು ತನ್ನ ತಪ್ಪು ಒಪ್ಪಿಕೊಂಡ. ಸುಡಲು ತನ್ನ ಪತ್ರವನ್ನೂ ಕೊಟ್ಟ. ಗಾಂಧಿ ಅವನ ಕೈ ಹಿಡಿದುಕೊಂಡರು.

ಈಗ ಹೂತ ಚಕ್ರದ ಮಾತು. 1913ರಲ್ಲಿ ಜೀತ ಮುಗಿಸಿದ ಕೂಲಿಗಳ ಮೇಲಿನ 3 ಪೌಂಡ್ ತಲೆಗಂದಾಯದ ವಿರುದ್ಧ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ನವೆಂಬರ್‌ನಲ್ಲಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಗಾಂಧಿಯ ಜೊತೆ ಗಡಿ ದಾಟಿ ನಡೆದರು. ಜೈಲು, ಛಡಿ, ಗುಂಡು ಎಲ್ಲವೂ ಆಯಿತು. 1914ರ ಹೊಸ ವರ್ಷಕ್ಕೆ ಮತ್ತೊಂದು ಮೆರವಣಿಗೆ ಹೊರಡುವುದಿತ್ತು. ಅಷ್ಟರಲ್ಲಿ ಬಿಳಿಯ ರೈಲ್ವೆ ನೌಕರರು ತಮ್ಮದೇ ಬೇಡಿಕೆಗಳಿಗಾಗಿ ಮುಷ್ಕರ ಹೂಡಿದರು. ಸರ್ಕಾರ ತತ್ತರಿಸಿ ಮಾರ್ಷಲ್ ಲಾ ಘೋಷಿಸಿತು. ಎದುರಾಳಿ ಇಷ್ಟು ದುರ್ಬಲನಾಗಿ ಇನ್ನೆಂದೂ ಸಿಗಲಾರ. ಗಾಂಧಿ ಮೆರವಣಿಗೆಯನ್ನು ಮುಂದೂಡಿದರು. ರೈಲ್ವೆ ಮುಷ್ಕರಕ್ಕೂ ತಮ್ಮ ಹೋರಾಟಕ್ಕೂ ಸಂಬಂಧವಿಲ್ಲ, ಸರ್ಕಾರದ ಕಷ್ಟವನ್ನು ಬಳಸಿಕೊಳ್ಳುವುದಿಲ್ಲ ಎಂದರು.

ಇದು ಹೆಡ್ಡತನ ಎಂದು ನನಗೆ ಮೊದಲು ಅನಿಸಿತು. ಜೈಲಿನಲ್ಲಿ ನವೆದವರ, ಕೆಲಸ ಕಳೆದುಕೊಂಡವರ ಸಂಕಟ ಗಾಂಧಿಯೊಬ್ಬರದೇ ಅಲ್ಲವಲ್ಲ. ತನ್ನ ನಿಯಮಕ್ಕಾಗಿ ಬೇರೆಯವರ ಗೆಲುವನ್ನು ಪಣಕ್ಕಿಡಬಹುದೇ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಆದದ್ದು ಇಷ್ಟು: ಸ್ಮಟ್ಸ್ ಮಾತುಕತೆಗೆ ಕುಳಿತರು. ಅದೇ ವರ್ಷ ಬಂದ ಕಾನೂನಿನಲ್ಲಿ 3 ಪೌಂಡ್ ತೆರಿಗೆ ರದ್ದಾಯಿತು, ಭಾರತೀಯ ಪದ್ಧತಿಯ ಮದುವೆಗಳಿಗೆ ಮಾನ್ಯತೆ ಸಿಕ್ಕಿತು. ಒಳ್ಳೆಯತನ ಒಂದರಿಂದಲೇ ಅದು ಬಂತು ಎನ್ನಲಾರೆ. ಅದರ ಹಿಂದೆ ಕೂಲಿಗಳ ಮುಷ್ಕರ ಇತ್ತು, ಭಾರತದಿಂದ ಬಂದ ಒತ್ತಡವಿತ್ತು. ಆದರೆ ಈ ಮನುಷ್ಯ ಬೆನ್ನಿಗೆ ಇರಿಯುವವನಲ್ಲ ಎಂಬ ನಂಬಿಕೆ ಇಲ್ಲದಿದ್ದರೆ ಆ ಮಾತುಕತೆ ಅಷ್ಟು ಸಲೀಸಾಗುತ್ತಿರಲಿಲ್ಲ. ಜುಲೈ 18ರಂದು ಆ ದೇಶ ಬಿಡುವಾಗ ಗಾಂಧಿ, ಜೈಲಿನಲ್ಲಿ ತಾವೇ ಹೊಲಿದಿದ್ದ ಚಪ್ಪಲಿಗಳನ್ನು ಸ್ಮಟ್ಸ್‌ಗೆ ಉಡುಗೊರೆಯಾಗಿ ಕೊಟ್ಟರು. ಸ್ಮಟ್ಸ್ ಅವನ್ನು ಹಲವು ಬೇಸಿಗೆ ಮೆಟ್ಟಿದರು. 1939ರಲ್ಲಿ ಗಾಂಧೀಜಿಗೆ 70 ತುಂಬಿದಾಗ, ಅವನ್ನು ಮೆಟ್ಟುವ ಯೋಗ್ಯತೆ ತಮಗಿಲ್ಲವೆಂದು ಒಪ್ಪಿಕೊಂಡು ಬರೆದರು.

ಗಾಂಧಿಯಲ್ಲೂ ಕೊರತೆಯಿತ್ತು. ಯುರೋಪಿನ ಯೋಧರ ಸೌಜನ್ಯ ಹೆಚ್ಚಾಗಿ ತಮ್ಮ ಅಂತಸ್ತಿನವರಿಗೆ ಮಾತ್ರ ಸಲ್ಲುತ್ತಿತ್ತು. ಗಾಂಧಿಯ ಆರಂಭದ ಬರಹಗಳಲ್ಲಿ ಆಫ್ರಿಕಾದ ಕರಿಯರ ಬಗ್ಗೆ ತಾತ್ಸಾರದ ಮಾತುಗಳಿವೆ, ಓದುವಾಗ ನೋವಾಗುತ್ತದೆ. 1906ರ ಜುಲು ದಂಗೆಯಲ್ಲಿ ಗಾಯಗೊಂಡ ಜುಲುಗಳನ್ನು ಮುಟ್ಟಲು ಬಿಳಿಯರು ಹಿಂಜರಿದಾಗ ಆರೈಕೆ ಮಾಡಿದ್ದು ಗಾಂಧಿಯ ಪುಟ್ಟ ತಂಡ ಎಂಬುದೂ ನಿಜ. ಅವರ ನಿಯಮ ಒಂದೇ ದಿನಕ್ಕೆ ಎಲ್ಲರನ್ನೂ ಒಳಗೊಳ್ಳಲಿಲ್ಲ. ನಿಯಮವನ್ನು ಇಟ್ಟುಕೊಂಡರೆ ಸಾಲದು, ಅದರ ಬೇಲಿಯ ಹೊರಗೆ ಯಾರು ನಿಂತಿದ್ದಾರೆಂದು ನೋಡುತ್ತಲೂ ಇರಬೇಕು ಎಂದು ನಾನು ಇದರಿಂದ ಕಲಿತೆ.

ಗೆಳೆಯನಿಗೆ ನನ್ನ ತಪ್ಪು ಹೇಳಿಕೊಂಡೆ. ಅವನು ನಕ್ಕು, ಬಿಡೋ ಮಾರಾಯ ಎಂದ. ಮುಂದಿನ ವಾರ ಮತ್ತೆ ಚರ್ಚೆ ಇದೆ. ಅವನು ತಡವರಿಸಿದರೆ ಕಾಯುತ್ತೇನೆ. ಪದ ಗೊತ್ತಿದ್ದರೆ ಮೆಲ್ಲಗೆ ಹೇಳಿಕೊಡುತ್ತೇನೆ, ಮಾತು ಅವನೇ ಮುಗಿಸಲಿ. ಅಭ್ಯಾಸದಲ್ಲಿ ಇದು ಸುಲಭ. ನಿಜವಾದ ಕಂಪನಿ ಬಂದ ದಿನ, ಇರುವ ಒಂದು ಕೆಲಸಕ್ಕೆ ನಾವಿಬ್ಬರೇ ಉಳಿದಾಗ, ನನ್ನ ಮನೆಯ ಸಾಲವೂ ನೆನಪಾಗುವಾಗ, ಇದೇ ನಿಯಮ ನಿಲ್ಲುತ್ತದೆಯೇ? ಗೊತ್ತಿಲ್ಲ. ಆದರೆ ಆ ದಿನ ಹೊಸದಾಗಿ ಯೋಚಿಸಲು ಸಮಯ ಇರುವುದಿಲ್ಲ. ಅದಕ್ಕೇ ಅಭ್ಯಾಸ ಈಗಲೇ ಶುರು ಮಾಡಿದ್ದೇನೆ.